ಮಂತ್ರಕ್ಕೆ ಮಾವಿನಕಾಯಿ ಉದುರೀತೇ?

ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲವೆಂಬುದು ನಮ್ಮ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಕಾಯಿ ಬೇಕಾದವನು ಕಲ್ಲು ಬೀಸಬೇಕು, ಇಲ್ಲವೇ ಮರ ಹತ್ತಬೇಕು. ಆದರೆ ಜಗತ್ತಿನಲ್ಲೇ ಬಲಾಢ್ಯವೆನಿಸಿಕೊಂಡ ಅಮೆರಿಕದ ಸೈನ್ಯವೂ ಅದರ ಬೇಹುಗಾರಿಕೆ ಇಲಾಖೆಗಳೂ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಇದೇ ಮಾವಿನ ಮರದ ಕೆಳಗೆ ಬಾಯ್ತೆರೆದು ನಿಂತಿದ್ದವು ಎಂದರೆ ಓದುಗರು ನಗಬಹುದು. ನಗಲಿ. ನಗುವುದಕ್ಕೆಂದೇ ಅದರ ಮೇಲೊಂದು ಚಲನಚಿತ್ರವೂ ಬಂದಿದೆ.

2009ರಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ದಿ ಮೆನ್ ಹೂ ಸ್ಟೇರ್ ಅಟ್ ಗೋಟ್ಸ್’. ಆಡುಗಳನ್ನು ದಿಟ್ಟಿಸಿ ನೋಡುವ ಗಂಡಸರು ಎಂದರ್ಥ. ನಿರ್ದೇಶಕ ಗ್ರಾಂಟ್ ಹೆಸ್ಲೊವ್; ಮುಖ್ಯ ಪಾತ್ರದಲ್ಲಿ ಜಾರ್ಜ್ ಕ್ಲೂನಿ. ಮನೋಬಲದಿಂದ ಮೋಡ ಕರಗಿಸುವ, ಕಾಣದೂರಿನ ವಸ್ತುವನ್ನು ಕಾಣುವ, ಆಡೊಂದನ್ನು ಕಣ್ಣೋಟದಿಂದಲೇ ಕೆಡಹುವ ಯೋಧರ ದಳವೊಂದರ ಕಥೆ ಅದು. ಪತ್ರಕರ್ತ ಜಾನ್ ರಾನ್ಸನ್ 2004ರಲ್ಲಿ ಪ್ರಕಟಿಸಿದ ಪುಸ್ತಕ ಅದಕ್ಕೆ ಆಧಾರ. ಪುಸ್ತಕ ಕಾದಂಬರಿಯಲ್ಲ, ವರದಿ.

ವರದಿಯ ಸಂಗತಿಗಳು ಚಿತ್ರಕ್ಕಿಂತ ಸೊಗಸಾಗಿವೆ. 1981ರಿಂದ 1984ರವರೆಗೆ ಅಮೆರಿಕ ಸೈನ್ಯದ ಬೇಹುಗಾರಿಕಾ ವಿಭಾಗದ ಮುಖ್ಯಸ್ಥರಾಗಿದ್ದವರು ಮೇಜರ್ ಜನರಲ್ ಆಲ್ಬರ್ಟ್ ಸ್ಟಬಲ್‌ಬೈನ್. ಮನುಷ್ಯನೂ ಗೋಡೆಯೂ ಅಣುಗಳಿಂದಲೇ ಆದವು. ಅಣುಗಳ ನಡುವೆ ಇರುವುದು ಬರಿಯ ಬಯಲು. ಮನಸ್ಸು ಕೂಡಿದರೆ ಗೋಡೆಯನ್ನು ಹಾಯ್ದು ಹೋಗಲು ಅಡ್ಡಿಯೇನು ಎಂದು ಅವರ ವಾದ. ತಮ್ಮ ಕಚೇರಿಯ ಗೋಡೆಯ ಮೇಲೆ ಅದನ್ನು ಪ್ರಯೋಗಿಸಿಯೂ ನೋಡಿದರು. ಮೂಗಿಗೆ ಪೆಟ್ಟಾಯಿತು. ಗೋಡೆಗೆ ಏನೂ ಆಗಲಿಲ್ಲ.

ಇದಕ್ಕೆ ಮೊದಲೇ, 1972ರಲ್ಲಿ, ಕ್ಯಾಲಿಫೋರ್ನಿಯಾದ ಒಂದು ಸಂಶೋಧನ ಸಂಸ್ಥೆಯಲ್ಲಿ ‘ದೂರದರ್ಶನ’ದ ಪ್ರಯೋಗಗಳು ಶುರುವಾಗಿದ್ದವು. ಮನೆಯ ಟೀವಿಯಲ್ಲ, ದಿವ್ಯದೃಷ್ಟಿ. ಧೃತರಾಷ್ಟ್ರನಿಗೆ ಸಂಜಯನು ಹೇಳಿದಂತೆ, ಕೋಣೆಯಲ್ಲಿ ಕುಳಿತು ಶತ್ರುವಿನ ಕ್ಷಿಪಣಿಗಳೆಲ್ಲಿವೆಯೆಂದು ಹೇಳುವ ವಿದ್ಯೆ. ಹಲವು ಗುಪ್ತನಾಮಗಳನ್ನು ತೊಟ್ಟು, ಕೊನೆಗೆ ‘ಸ್ಟಾರ್ ಗೇಟ್’ ಎಂಬ ಹೆಸರಿನಲ್ಲಿ ನಡೆದ ಆ ಯೋಜನೆಗೆ ಸುಮಾರು 2 ಕೋಟಿ ಡಾಲರ್ ಖರ್ಚಾಯಿತು. 1995ರಲ್ಲಿ ಹೊರಗಿನ ಪರಿಶೀಲಕರನ್ನು ಕರೆದು ಲೆಕ್ಕ ನೋಡಿಸಿದಾಗ, ಅದರಿಂದ ಬಂದ ಸುದ್ದಿಯನ್ನು ನೆಚ್ಚಿ ಯಾವ ಕಾರ್ಯಾಚರಣೆಯೂ ನಡೆದಿರಲಿಲ್ಲವೆಂದು ತಿಳಿದುಬಂತು. ಅಂಗಡಿ ಮುಚ್ಚಿದರು.

ಈ ಕಥೆ ಕೇಳಿದಾಗ ನಮ್ಮ ಮನಸ್ಸು ಹೋದದ್ದು ಅಮೆರಿಕಕ್ಕಲ್ಲ, ಕೃಷ್ಣಾ ನದಿಯ ದಡಕ್ಕೆ. ಅದಕ್ಕೆ ಕಾರಣವಿದೆ.

ಗೆರೆಯಾಚೆಯ ಇನ್ನೊಂದು ಸೀಮೆ

1956ರ ನವೆಂಬರ್ 1ನೇ ತಾರೀಕು ಕಾಸರಗೋಡಿನ ನಮಗೆ ಮರೆಯುವ ದಿನವಲ್ಲ. ಅದೇ ದಿನ, ಅದೇ ಕಾಯಿದೆಯಿಂದ, ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿ ಆಂಧ್ರದ ಪಾಲಾದವು. ಮಕ್ತಲ್ ಮತ್ತು ನಾರಾಯಣಪೇಟೆ ಮೊದಲಿನಿಂದಲೂ ಮಹಬೂಬನಗರದಲ್ಲಿದ್ದು ಅಲ್ಲಿಯೇ ಉಳಿದವು. 2014ರಿಂದ ಇವೆಲ್ಲ ತೆಲಂಗಾಣ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಬಾಳುವೆಯ ಕುಟುಂಬಗಳು ಮಕ್ತಲ್ ಸೀಮೆಯ ನದಿಯಂಚಿನ ಹಳ್ಳಿಗಳಲ್ಲಿ ಇಂದಿಗೂ ಇವೆ. ಅವರ ಪಾಡು ನಮಗೆ ಬಿಡಿಸಿ ಹೇಳಬೇಕಾದ್ದಲ್ಲ.

ನಾರಾಯಣಪೇಟೆ ಮತ್ತು ಮಕ್ತಲ್ ಕೃಷ್ಣೆಯ ಉತ್ತರಕ್ಕಿವೆ. ಗದ್ವಾಲ ಇರುವುದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಣ ನೆಲದಲ್ಲಿ. ಅಲ್ಲಿನವರು ಅದನ್ನು ನಡಿಗಡ್ಡೆಯೆನ್ನುತ್ತಾರೆ. ಇದೇ ನಡುನೆಲದ ಪಶ್ಚಿಮ ಭಾಗದಲ್ಲಿದೆ ರಾಯಚೂರು ಕೋಟೆ. ಬಹಮನಿಗಳೂ ಬಿಜಾಪುರದವರೂ ಒಂದು ಕಡೆ, ವಿಜಯನಗರದವರು ಇನ್ನೊಂದು ಕಡೆ ನಿಂತು ಇನ್ನೂರು ವರ್ಷ ಕಿತ್ತಾಡಿದ್ದು ಈ ನೆಲಕ್ಕಾಗಿಯೇ. ಅದರಲ್ಲಿ ಒಂದು ಯುದ್ಧ, 1520ರದು, ಗಂಭೀರವಾದ ಪಾಠಪುಸ್ತಕಗಳಲ್ಲಿ ಗಂಭೀರವಾಗಿಯೇ ಬಂದಿದೆ. ಒಳಹೊಕ್ಕು ನೋಡಿದರೆ ಅದರಲ್ಲೂ ಒಂದು ಪ್ರಹಸನ ಅಡಗಿದೆ.

ಹರಿಗೋಲಿಗೆ ಕಾಯದ ಸುಲ್ತಾನ

ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೋಟೆಯನ್ನು ಬಿಡಿಸಲು ಬಂದು ಕೃಷ್ಣೆಯ ಉತ್ತರ ದಡದಲ್ಲಿ, ಅಂದರೆ ಮಕ್ತಲ್ ಇರುವ ಕಡೆಯಲ್ಲಿ, ಬೀಡುಬಿಟ್ಟ. ದಾಟಲು ತೆಪ್ಪಗಳನ್ನು ಕಟ್ಟಿಸುತ್ತಿದ್ದ. ಮುಂದಿನದನ್ನು ಬಿಜಾಪುರದ ಆಸ್ಥಾನದಲ್ಲೇ ಕುಳಿತು ಚರಿತ್ರೆ ಬರೆದ ಫೆರಿಷ್ಟಾ ಹೇಳುತ್ತಾನೆ. ಸುಲ್ತಾನ ಡೇರೆಯಲ್ಲಿ ಒರಗಿದ್ದಾಗ ಒಬ್ಬ ಆಸ್ಥಾನಿಕ ಮಧುಪಾನದ ಪದ್ಯವೊಂದನ್ನು ಹಾಡಿದನಂತೆ. ಸುಲ್ತಾನ ಮದ್ಯ ತರಿಸಿದ. ನೆತ್ತಿಗೇರಿದ ಮೇಲೆ, ತೆಪ್ಪಗಳೆಷ್ಟು ತಯಾರಾಗಿವೆಯೆಂದು ಕೇಳಿದ. ನೂರು ತಯಾರಾಗಿವೆ, ಉಳಿದವಕ್ಕೆ ಇನ್ನು ಕೆಲವು ದಿನ ಬೇಕು ಎಂದರು. ಕಾಯುವ ತಾಳ್ಮೆ ಯಾರಿಗಿತ್ತು? ಆನೆ ಹತ್ತಿ ನೇರವಾಗಿ ಹೊಳೆಗೇ ಇಳಿದುಬಿಟ್ಟ. ದೊರೆ ಇಳಿದ ಮೇಲೆ ದಂಡು ಇಳಿಯದೆ ಇರಲಾದೀತೇ?

ಅಮೆರಿಕದ ಸೇನಾನಿ ಗೋಡೆಗೆ ನುಗ್ಗಿದ್ದಕ್ಕೂ ಇದಕ್ಕೂ ನಮಗೆ ಹೆಚ್ಚಿನ ಅಂತರ ಕಾಣುವುದಿಲ್ಲ. ಒಬ್ಬರಿಗೆ ಧ್ಯಾನದ ಅಮಲು, ಇನ್ನೊಬ್ಬನಿಗೆ ದ್ರಾಕ್ಷಾರಸದ ಅಮಲು. ವ್ಯತ್ಯಾಸವಿಷ್ಟೇ: ಗೋಡೆಗೆ ತಾಗಿದ ಮೂಗು ಸೇನಾನಿಯದೇ ಆಗಿತ್ತು. ಹೊಳೆಯಾಚೆ ಬಿದ್ದ ತಲೆಗಳು ಸುಲ್ತಾನನದಲ್ಲ.

ಒಳ್ಳೆಯ ದಿನ

ಇತ್ತ ರಾಯನ ಪಾಳೆಯದಲ್ಲಿ ಬೇರೊಂದು ಬಗೆಯ ಮಾತುಕತೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಆಮೇಲೆ ವಿಜಯನಗರಕ್ಕೆ ಬಂದು, ಅಲ್ಲಿ ಕೇಳಿದ್ದನ್ನು ಬರೆದಿಟ್ಟಿದ್ದಾನೆ. ಅವನ ಪ್ರಕಾರ, ರಾಯ ಯುದ್ಧಕ್ಕೆ ಸಿದ್ಧನಾದ ದಿನ ಶುಕ್ರವಾರ. ಅದು ಕೆಟ್ಟ ದಿನ, ಶನಿವಾರ ಒಳ್ಳೆಯದು, ಒಂದು ದಿನ ತಡೆಯಬೇಕೆಂದು ಜೊತೆಗಿದ್ದವರು ಬೇಡಿಕೊಂಡರು. ರಾಯ ತಡೆದ. ನೂನಿಜ್ ಇಸವಿಯನ್ನು 1522 ಎಂದು ಬರೆದಿದ್ದರೂ, ವಿಜಯನಗರದ ಚರಿತ್ರೆಯನ್ನು 1900ರಲ್ಲಿ ಪ್ರಕಟಿಸಿದ ರಾಬರ್ಟ್ ಸೀವೆಲ್ ಲೆಕ್ಕ ಹಾಕಿ, ಆ ಶನಿವಾರ 1520ರ ಮೇ 19 ಎಂದು ನಿರ್ಣಯಿಸಿದರು.

ಆ ಒಳ್ಳೆಯ ದಿನ ಬೆಳಗಾಯಿತು. ರಾಯನ ಮುಂಚೂಣಿ ನುಗ್ಗಿತು. ಎದುರಿಗೆ ಆದಿಲ್ ಶಾಹನ ಫಿರಂಗಿಗಳೆಲ್ಲ ಒಟ್ಟಿಗೆ ಬೆಂಕಿಯುಗುಳಿದವು. ಮುಂಚೂಣಿ ಮುರಿದು ಹಿಂದಕ್ಕೋಡಿತು. ಫಿರಂಗಿಗೆ ಪಂಚಾಂಗ ಓದಲು ಬರುವುದಿಲ್ಲ.

ಆಗ ರಾಯ ಮಾಡಿದ್ದೇನು? ತನ್ನ ಬೆರಳಿನ ಉಂಗುರ ತೆಗೆದು ಒಬ್ಬ ಪರಿಚಾರಕನ ಕೈಗಿತ್ತ. ತಾನು ಸತ್ತರೆ ಅದನ್ನು ಅರಸಿಯರಿಗೆ ತೋರಿಸಬೇಕು. ಅವರು ವಾಡಿಕೆಯಂತೆ ಚಿತೆಯೇರಲಿ ಎಂದು. ಬಳಿಕ ಕುದುರೆಯೇರಿ ಉಳಿದ ದಂಡಿನೊಡನೆ ತಾನೇ ಮುನ್ನುಗ್ಗಿದ. ಶನಿವಾರದ ಶುಭವನ್ನು ಅವನು ಎಷ್ಟರಮಟ್ಟಿಗೆ ನಂಬಿದ್ದನೆಂಬುದಕ್ಕೆ ಆ ಉಂಗುರವೇ ಸಾಕ್ಷಿ. ಗೆಲುವು ಖಚಿತವಾಗಿದ್ದರೆ ಉಂಗುರ ಕಳಚುವವರುಂಟೇ? ಫಿರಂಗಿಗಳೆಲ್ಲ ಒಮ್ಮೆಲೇ ಸಿಡಿದಿದ್ದವು. ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಎದುರಾಳಿಗಳು ಬೆನ್ನಟ್ಟುವ ಭರದಲ್ಲಿ ಚದುರಿದ್ದರು. ರಾಯ ಗೆದ್ದ. ಬಿಜಾಪುರದವರನ್ನು ಹೊಳೆಯವರೆಗೂ ಅಟ್ಟಿದರು. ನೀರಿನಲ್ಲಿ ಸತ್ತವರೇ ಬಹಳ. ನಾನೂರು ದೊಡ್ಡ ಫಿರಂಗಿಗಳು, ನೂರು ಆನೆಗಳು, ನಾಲ್ಕು ಸಾವಿರ ಕುದುರೆಗಳು ಕೈಗೆ ಬಂದವೆಂದು ನೂನಿಜ್ ಪಟ್ಟಿ ಕೊಡುತ್ತಾನೆ. ಅದೇ ಉಸಿರಿನಲ್ಲಿ, ರಾಯ ತನ್ನ ಕಡೆಯ ಸತ್ತವರಿಗೆ ಸಂಸ್ಕಾರ ಮಾಡಿಸಿದನೆಂದೂ ಅವರು ಹದಿನಾರು ಸಾವಿರಕ್ಕೂ ಹೆಚ್ಚೆಂದೂ ಬರೆಯುತ್ತಾನೆ. ನೂನಿಜನ ಲೆಕ್ಕಗಳು ಕೊಂಚ ಉಬ್ಬಿದವೆಂದೇ ಇಟ್ಟುಕೊಳ್ಳೋಣ. ಅರ್ಧಕ್ಕೆ ಇಳಿಸಿದರೂ, ಅದರಲ್ಲೂ ಅರ್ಧ ಮಾಡಿದರೂ, ಅಷ್ಟು ಮನೆಗಳಿಗೆ ಅದು ಎಂಥ ಶನಿವಾರ?

ಕೋಟೆ ಬಿದ್ದದ್ದೂ ಮುಹೂರ್ತದಿಂದಲ್ಲ. ಕ್ರಿಸ್ಟೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಸುಮಾರು ಇಪ್ಪತ್ತು ಮಂದಿ ಬಂದೂಕುದಾರರೂ ಗೋಡೆಯ ಮೇಲೆ ತಲೆಯೆತ್ತಿದವರನ್ನೆಲ್ಲ ಗುರಿಯಿಟ್ಟು ಕೆಡಹಿದರು. ಕಾವಲಿಗೆ ಆಳಿಲ್ಲದಂತಾದಾಗ ಕೆಳಗಿನವರು ಕಲ್ಲು ಕಿತ್ತರು. ಕೋಟೆಯ ಮುಖ್ಯಸ್ಥನೂ ಗುಂಡಿಗೆ ಸಿಕ್ಕ. ಅಂತೂ ಗೋಡೆಯನ್ನು ಹಾಯ್ದು ಹೋಗುವ ಉಪಾಯ 1520ರಲ್ಲೇ ಗೊತ್ತಿತ್ತು: ಗಡಾರಿ ಮತ್ತು ಗುಂಡು. ಇನ್ನು ಆದಿಲ್ ಶಾಹನೋ, ರಾಯಚೂರು ಮರಳಿ ಕೈಸೇರುವವರೆಗೆ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದನಂತೆ. ಆ ಬುದ್ಧಿ ಹೊಳೆಗಿಳಿಯುವ ಮೊದಲು ಬಂದಿದ್ದರೆ ಎಷ್ಟೋ ತಾಯಂದಿರು ಹರಸುತ್ತಿದ್ದರು.

ಆಟ ಮುಗಿದ ಮೇಲೆ

ನಮ್ಮ ಜನ ಇಂಥ ಸಂಗತಿಗಳಿಗೆ ನಗಲು ಹೊಸದಾಗಿ ಕಲಿಯಬೇಕಾಗಿಲ್ಲ. ವಿರಾಟಪರ್ವದ ತಾಳಮದ್ದಳೆ ಕೇಳಿದವರಿಗೆ ಉತ್ತರಕುಮಾರ ಗೊತ್ತು. ಅಂತಃಪುರದ ಹೆಂಗಸರೆದುರು ಕೌರವರನ್ನೆಲ್ಲ ನುಂಗಿ ನೀರು ಕುಡಿದು, ಅವರ ದಂಡನ್ನು ಕಣ್ಣಾರೆ ಕಂಡೊಡನೆ ರಥದಿಂದ ಹಾರಿ ಓಡಿದ ಶೂರ. ಅದೇ ಪ್ರಸಂಗದ ಕೊನೆಗೆ ಅರ್ಜುನನ ಸಮ್ಮೋಹನಾಸ್ತ್ರ. ಭೀಷ್ಮರೊಬ್ಬರನ್ನುಳಿದು ಇಡೀ ಸೇನೆ ಮೂರ್ಛೆಹೋಗುತ್ತದೆ, ಉತ್ತರೆಯ ಗೊಂಬೆಗಳಿಗೆಂದು ವೀರರ ಮೈಮೇಲಿನ ಬಟ್ಟೆ ಕಳಚಿ ತರುತ್ತಾರೆ. ಪವಾಡವೂ ಉಂಟು, ಬಡಾಯಿಯೂ ಉಂಟು. ಆದರೆ ಬೆಳಗಾದೊಡನೆ ಆಟ ಮುಗಿಯುತ್ತದೆ. ಅರ್ಜುನನ ವೇಷಧಾರಿ ಬಣ್ಣ ತೊಳೆದು ಬಸ್ಸಿಗೆ ಕಾಯುತ್ತಾನೆ. ಸಮ್ಮೋಹನಾಸ್ತ್ರ ಕೊಡಿಸಿರೆಂದು ಯಾರೂ ಸರಕಾರಕ್ಕೆ ಅರ್ಜಿ ಹಾಕುವುದಿಲ್ಲ.

ಅಮೆರಿಕದಲ್ಲಿ ಹಾಗೆ ಅರ್ಜಿ ಹಾಕಿದವರೊಬ್ಬರಿದ್ದರು. ವಿಯೆಟ್ನಾಂ ಯುದ್ಧದಲ್ಲಿ ನೊಂದು ಬಂದ ಲೆಫ್ಟಿನೆಂಟ್ ಕರ್ನಲ್ ಜಿಮ್ ಚಾನನ್ 1979ರಲ್ಲಿ ಒಂದು ಕೈಪಿಡಿ ಬರೆದರು. ಸೈನಿಕರು ಕಂಕುಳಲ್ಲಿ ಕುರಿಮರಿ ಹಿಡಿದು, ಕಣ್ಣಲ್ಲಿ ಪ್ರೀತಿ ತುಂಬಿ ಶತ್ರುವಿನೆದುರು ನಡೆಯಬೇಕು. ಇಂಪಾದ ಸಂಗೀತ ಕೇಳಿಸಬೇಕು. ಒಲಿಯದಿದ್ದರೆ ಕರ್ಕಶ ಧ್ವನಿ ಕೇಳಿಸಬೇಕು ಎಂದು. ಮನುಷ್ಯ ಒಳ್ಳೆಯವರೇ, ಆಸೆಯೂ ಒಳ್ಳೆಯದೇ. ಆದರೆ ಮುಂದೇನಾಯಿತು? 2003ರಲ್ಲಿ ಇರಾಕಿನಲ್ಲಿ ಕೈದಿಗಳನ್ನು ಕೂಡಿಹಾಕಿ, ಮಕ್ಕಳ ಹಾಡೊಂದನ್ನು ಕಿವಿ ಒಡೆಯುವಂತೆ ಮತ್ತೆ ಮತ್ತೆ ಹಾಕಿ ಹಿಂಸಿಸಲಾಯಿತು. ಈ ಎರಡರ ನಡುವಣ ದಾರಿಯನ್ನು ರಾನ್ಸನ್ ಹುಡುಕುತ್ತಾ ಹೋಗುವಲ್ಲಿ ಪುಸ್ತಕದ ನಗು ನಿಂತುಹೋಗುತ್ತದೆ. ಕುರಿಮರಿಯನ್ನು ಸೈನ್ಯ ಬಿಟ್ಟಿತು, ಧ್ವನಿಯನ್ನು ಇಟ್ಟುಕೊಂಡಿತು.

ಅದೇ ಇರಾಕಿನ ಇನ್ನೊಂದು ಸಂಗತಿ ಇದಕ್ಕಿಂತ ಘೋರ. ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಸಿಪಾಯಿಗಳ ಕೈಯಲ್ಲಿ ಬಾಂಬು ಪತ್ತೆಮಾಡುವ ‘ಯಂತ್ರ’ವೊಂದಿತ್ತು. ಹಿಡಿಯೊಂದು, ಅದಕ್ಕೆ ಅತ್ತಿತ್ತ ತಿರುಗುವ ಕಡ್ಡಿಯೊಂದು. ಒಳಗೆ ಬ್ಯಾಟರಿಯೂ ಇಲ್ಲ. ಬಾವಿ ತೋಡಲು ಕವಲುಕೋಲು ಹಿಡಿದು ನೀರು ನೋಡುವವರನ್ನು ಕಂಡ ನಮಗೆ ಅದರ ಮರ್ಮ ಕೂಡಲೇ ತಿಳಿದೀತು. ಜೇಮ್ಸ್ ಮೆಕಾರ್ಮಿಕ್ ಎಂಬ ಬ್ರಿಟಿಷ್ ವ್ಯಾಪಾರಿ ಅದನ್ನು ಸಾವಿರಾರು ಪೌಂಡುಗಳಿಗೆ ಒಂದರಂತೆ ಮಾರಿದ. 2009ರ ಅಕ್ಟೋಬರ್ ಮತ್ತು ಡಿಸೆಂಬರಿನಲ್ಲಿ ಬಾಂಬು ತುಂಬಿದ ವಾಹನಗಳು ಆ ಕಾವಲನ್ನು ದಾಟಿಕೊಂಡೇ ನಗರದೊಳಗೆ ಬಂದು ಸಿಡಿದು ನೂರಾರು ಮಂದಿ ಸತ್ತರು. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲು. ಆದರೂ ಆ ಕಡ್ಡಿಗಳು ಠಾಣೆಗಳಿಂದ ಹೋಗಲು 2016 ಬರಬೇಕಾಯಿತು.

ನಂಬುವವನು ತನ್ನಷ್ಟಕ್ಕೆ ನಂಬಿಕೊಂಡಿದ್ದರೆ ಅದು ಅವನ ಮನೆಯ ವಿಷಯ. ಗಡಿಗೆ ಹೊರಟ ಮಗನ ತೋಳಿಗೆ ತಾಯಿ ತಾಯತ ಕಟ್ಟಿದರೆ ಅದು ಅವಳ ಸಂಕಟ. ಅದನ್ನು ನೋಡಿ ನಗುವ ಕಠಿಣ ಹೃದಯ ನಮಗಿಲ್ಲ. ಆದರೆ ಗುಂಡು ತಡೆಯುವ ಕವಚದ ಬದಲಿಗೆ ಸರಕಾರವೇ ತಾಯತ ಕೊಂಡು ಹಂಚಿದರೆ? ನಂಬಿಕೆಗೆ ಹುಕುಂ ಮತ್ತು ಖಜಾನೆ ಎರಡೂ ಜೊತೆಯಾದಾಗ, ಅದರ ಬೆಲೆಯನ್ನು ತೆರುವವರು ನಂಬಿದವರಲ್ಲ. ಸಾಲಿನಲ್ಲಿ ನಿಂತ ಸಿಪಾಯಿಯೂ, ಸಂತೆಗೆ ಹೊರಟ ಬಡವನೂ.

ಇದಕ್ಕೆ ಮದ್ದೇನು? 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿ ನೇಮಿಸಿದ್ದನ್ನು ಹಿರಿಯ ಓದುಗರು ಬಲ್ಲರು. ಗಾಂಧಿಟೋಪಿಯ ಆ ಭೌತವಿಜ್ಞಾನಿ ಕೇಳಿದ್ದು ಬಹಳ ಸಣ್ಣ ಪ್ರಶ್ನೆ: ನಮ್ಮೆದುರಿಗೆ, ನಾವು ಹೇಳಿದ ರೀತಿಯಲ್ಲಿ ಮಾಡಿ ತೋರಿಸುವಿರಾ? ಆ ಪ್ರಶ್ನೆಯನ್ನು 1972ರಲ್ಲೇ ಗಟ್ಟಿಯಾಗಿ ಕೇಳಿದ್ದರೆ ಅಮೆರಿಕದ 2 ಕೋಟಿ ಡಾಲರ್ ಉಳಿಯುತ್ತಿತ್ತು. ಬಾಗ್ದಾದಿನಲ್ಲಿ ಕೇಳಿದ್ದರೆ ಜೀವಗಳೇ ಉಳಿಯುತ್ತಿದ್ದವು.

ಕೇಳಲು ದೊಡ್ಡ ವಿದ್ಯೆ ಬೇಡ. ಮಂತ್ರಕ್ಕೆ ಮಾವಿನಕಾಯಿ ಉದುರೀತೇ ಎಂಬ ನಮ್ಮ ಅಜ್ಜಿಯಂದಿರ ಗಾದೆಯಲ್ಲಿ ನರಸಿಂಹಯ್ಯನವರ ಪ್ರಶ್ನೆಯೇ ಇದೆ. ಮಕ್ತಲಿನಲ್ಲಾಗಲಿ ಮಂಜೇಶ್ವರದಲ್ಲಾಗಲಿ, ಶಾಲೆಯಲ್ಲಿ ಬೇರೆ ಭಾಷೆ ಕಲಿಯುವ ನಮ್ಮ ಮಕ್ಕಳಿಗೆ ನಾವು ದಾಟಿಸಬೇಕಾದ ಆಸ್ತಿಯಲ್ಲಿ ಈ ಗಾದೆಯೂ ಒಂದು. ಉತ್ತರಕುಮಾರನನ್ನು ಕಂಡು ನಗಲು ಮನೆಯಲ್ಲೇ ಕಲಿತ ಮಗು, ನಾಳೆ ಬ್ಯಾಟರಿಯಿಲ್ಲದ ಯಂತ್ರವನ್ನು ಯಾರಾದರೂ ಕೈಗಿತ್ತಾಗ ಅದರ ಮುಚ್ಚಳ ತೆಗೆದು ನೋಡೀತು.