ಪೆನುಕೊಂಡದ ಬುಡದಲ್ಲೊಂದು ಕೊರಿಯಾ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಅಂದರೆ ನಮ್ಮ ಕಡೆಯವರಿಗೆ ಗುಳೆಯ ಸೀಮೆ. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆ. ಶೇಂಗಾ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು ಬೆಂಗಳೂರಿಗೋ ಕೇರಳಕ್ಕೋ ಹೊರಡುವ ಜನ. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಅಂಥ ನೆಲಕ್ಕೆ ಈಗ ಸುಮಾರು 5,500 ಕಿ.ಮೀ. ದೂರದ ಸೋಲ್ ಕಡೆಯಿಂದ ಜನ ಬಂದು ಬಿಡಾರ ಹೂಡಿದ್ದಾರೆ. ಪೆನುಕೊಂಡದ ಹತ್ತಿರ 44ನೇ ಹೆದ್ದಾರಿಯಲ್ಲಿ ತೆಲುಗು ಬೋರ್ಡುಗಳ ಪಕ್ಕದಲ್ಲೇ ಕೊರಿಯನ್ ಅಕ್ಷರಗಳು ಕಾಣುತ್ತವೆ.

ಕೊರಿಯನ್ನರ ಗುಳೆಯ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ದಕ್ಷಿಣ ಕೊರಿಯಾದ ಜನಸಂಖ್ಯೆ 5.17 ಕೋಟಿ. ಹೊರದೇಶಗಳಲ್ಲಿ ನೆಲೆಸಿದ ಕೊರಿಯನ್ ಮೂಲದವರು ಸುಮಾರು 70 ಲಕ್ಷ. ಕರ್ನಾಟಕದ 6.11 ಕೋಟಿ ಜನರಿಗೆ ಇದೇ ಪ್ರಮಾಣ ಹಚ್ಚಿ ನೋಡಿ: 2011ರಲ್ಲಿ ಬೆಂಗಳೂರು ನಗರದಲ್ಲಿ ಎಷ್ಟು ಜನರಿದ್ದರೋ ಹೆಚ್ಚುಕಡಿಮೆ ಅಷ್ಟು ಕನ್ನಡಿಗರು ಪರದೇಶದಲ್ಲಿ ಇರಬೇಕಾಗುತ್ತಿತ್ತು! ಅಮೆರಿಕದಲ್ಲಿ 26 ಲಕ್ಷ, ಚೀನಾದಲ್ಲಿ 21 ಲಕ್ಷ, ಜಪಾನಿನಲ್ಲಿ 8 ಲಕ್ಷ.

ಎಲ್ಲರೂ ಇಷ್ಟಪಟ್ಟು ಹೋದವರಲ್ಲ. 1905ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಒಂದೇ ಹಡಗಿನಲ್ಲಿ ಮೆಕ್ಸಿಕೋದ ಕತ್ತಾಳೆ ತೋಟಗಳ ಕೂಲಿಗೆ ಹೋದರು. 1937ರದು ಇನ್ನೂ ಘೋರ. ಸೋವಿಯತ್ ದೇಶದ ಪೂರ್ವ ತುದಿಯಲ್ಲಿದ್ದ 1.72 ಲಕ್ಷ ಕೊರಿಯನ್ನರನ್ನು ಸ್ಟಾಲಿನ್ ಸರ್ಕಾರ ಸರಕು ಸಾಗಿಸುವ ರೈಲುಗಳಿಗೆ ತುಂಬಿ, ಆರು ಸಾವಿರ ಕಿ.ಮೀ. ಆಚೆಯ ಕಜಕಸ್ತಾನ, ಉಜ್ಬೇಕಿಸ್ತಾನಗಳ ಬಯಲಿನಲ್ಲಿ ಇಳಿಸಿತು. ಹೆಚ್ಚಿನದೆಲ್ಲ ಎರಡೇ ತಿಂಗಳಲ್ಲಿ ಮುಗಿದುಹೋಯಿತು. ದಾರಿಯಲ್ಲೂ ಮೊದಲ ಚಳಿಗಾಲದಲ್ಲೂ ಸತ್ತವರು ಸಾವಿರಾರು. ಉಳಿದವರು ಆ ಒಣನೆಲದಲ್ಲಿ ಭತ್ತ ಬೆಳೆದರು; ಕಿಮ್ಚಿ ಎಂಬ ತಮ್ಮ ಉಪ್ಪಿನಕಾಯಿಗೆ ಬೇಕಾದ ಎಲೆಕೋಸು ಸಿಗದೆ ಕ್ಯಾರೆಟ್ಟಿಗೇ ಖಾರ ಹಚ್ಚಿ ತಿಂದರು. ಇವತ್ತು ಆ ಪಲ್ಯ ರಷ್ಯಾದ ಸಂತೆಗಳಲ್ಲೆಲ್ಲ ಸಿಗುತ್ತದೆ. ಈ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ.

ಭಾರತಕ್ಕೆ ಬಂದವರು ಮಾತ್ರ ಕೂಲಿಗೆ ಬಂದವರಲ್ಲ, ಕಾರ್ಖಾನೆ ಹೊತ್ತು ತಂದವರು. ದೇಶದಲ್ಲೆಲ್ಲ ಕೂಡಿಸಿದರೂ ಅವರ ಸಂಖ್ಯೆ ಹತ್ತು ಸಾವಿರದ ಆಸುಪಾಸು. 70 ಲಕ್ಷದಲ್ಲಿ ಐನೂರಕ್ಕೆ ಒಬ್ಬರೂ ಇಲ್ಲ. ಅದರಲ್ಲೂ ದೆಹಲಿ, ಚೆನ್ನೈ, ಬೆಂಗಳೂರುಗಳ ಪಾಲು ಕಳೆದರೆ ಹಿಂದೂಪುರ ಸೀಮೆಗೆ ಉಳಿಯುವುದು ಒಂದು ಚಿಟಿಕೆ. ಆ ಚಿಟಿಕೆ ಮಾಡಿದ್ದನ್ನು ನೋಡಿ.

ಕೊರಿಯಾದ ಕಾರು ಕಂಪನಿ ಕಿಯಾ ಆಂಧ್ರ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು 2017ರ ಏಪ್ರಿಲ್‌ನಲ್ಲಿ. ಹೂಡಿಕೆ 110 ಕೋಟಿ ಡಾಲರ್. ಪೆನುಕೊಂಡದ ಹತ್ತಿರದ ಎರ್ರಮಂಚಿಯಲ್ಲಿ 536 ಎಕರೆ ಜಾಗ. ಎರಡು ವರ್ಷ ತುಂಬುವ ಮೊದಲೇ, 2019ರ ಜನವರಿಯಲ್ಲಿ, ಪ್ರಾಯೋಗಿಕ ಉತ್ಪಾದನೆ ಶುರು. ಮೊಬಿಸ್, ಸಂಗ್‌ವೂ ಹೈಟೆಕ್‌ನಂಥ ಬಿಡಿಭಾಗದ ಕಂಪನಿಗಳೂ ಬೆನ್ನಿಗೇ ಬಂದವು. ವರ್ಷಕ್ಕೆ ಮೂರು ಲಕ್ಷ ಕಾರು ಮಾಡುವ ಸಾಮರ್ಥ್ಯ ಅಂದರೆ, 300 ದಿನ ದುಡಿದರೂ ದಿನಕ್ಕೆ ಸಾವಿರ. ಹಗಲಿರುಳು ಓಡಿಸಿದರೆ ಒಂದೂವರೆ ನಿಮಿಷಕ್ಕೊಂದು ಕಾರು. 2023ರ ಜುಲೈಯಲ್ಲಿ ಹತ್ತು ಲಕ್ಷನೇ ಕಾರು ಹೊರಬಂತು. ಅಷ್ಟನ್ನೂ ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು ಕನ್ಯಾಕುಮಾರಿಯಿಂದ ಹೊರಟು ಶ್ರೀನಗರ ಮುಟ್ಟುತ್ತದೆ.

ತಾಳಿಕೋಟೆಯ ಸೋಲಿನ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಬೆಟ್ಟ ಪೆನುಕೊಂಡ. ಆಮೇಲೆ ಈ ಊರು ಇಷ್ಟು ದೊಡ್ಡ ಲೆಕ್ಕವನ್ನು ಕಂಡಿರಲಾರದು.

ಒಂದು ಲೆಕ್ಕ ಮಾತ್ರ ನನಗೆ ಸಮಾಧಾನ ಕೊಡುವುದಿಲ್ಲ. ಕಾರ್ಖಾನೆಗೆ ಬೇಕಾದ ನೀರಿಗೆಂದು ಶ್ರೀಶೈಲದ ಕೃಷ್ಣೆಯನ್ನು ಹಂದ್ರಿ-ನೀವಾ ಕಾಲುವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ತಂದು, ಪಕ್ಕದ ಗೊಲ್ಲಪಲ್ಲಿ ಜಲಾಶಯವನ್ನು ತುಂಬಿಸಿದರು. ಅದೇ ನೀರನ್ನು ಭೈರವಾನಿತಿಪ್ಪ ಜಲಾಶಯಕ್ಕೆ ಹರಿಸುವ ಕೆಲಸಕ್ಕೆ 2018ರಲ್ಲಿ ಶಂಕುಸ್ಥಾಪನೆ ಆಯಿತು. ಆ ನೀರಿಗಾಗಿ ಕಲ್ಯಾಣದುರ್ಗದ ರೈತರು ವರ್ಷಗಟ್ಟಲೆ ಕಾಯಬೇಕಾಯಿತು.