ತಾಮ್ರದ ಜಾಗಕ್ಕೆ ಗಾಜು

ತುಲಾ ತಿಂಗಳ ಗುಡುಗು ಶುರುವಾದ್ರೆ ನಾಯ್ಮಾರ್ಮೂಲೆಯ ಮನೆಗಳಲ್ಲಿ ಹಿರಿಯರು ಮೊದಲು ಕೂಗೋದು, "ಮೋಡೆಮಿನ ವಯರ್ ತೆಗಿ!" ಹಳೆಯ ಟೆಲಿಫೋನ್ ತಂತಿ ತಾಮ್ರದ್ದು, ಸಿಡಿಲಿನ ವಿದ್ಯುತ್ತು ಅದರ ಮೂಲಕ ಮನೆಯೊಳಗೇ ನುಗ್ಗಬಲ್ಲುದು.

ಈಗ ನಿಮ್ಮ ಮನೆಗೆ ಫೈಬರ್ ಬರುತ್ತಿದೆಯೇ? 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಜಾಲವೂ ಇಂಥದ್ದೇ. ಅದರ ಕೇಬಲು ವಿದ್ಯುತ್ ಕಂಬಗಳ ಮೇಲೆಯೇ ಸಾಗುತ್ತದೆ. ಕೇಬಲಿನೊಳಗೆ 0.125 ಮಿಲಿಮೀಟರ್ ದಪ್ಪದ ಗಾಜಿನ ಎಳೆ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ನಡುವಿನ ಗಾಜಿನ ವಕ್ರೀಭವನಾಂಕ ಹೊರಪದರದ್ದಕ್ಕಿಂತ ತುಸು ಹೆಚ್ಚು. ಹಾಗಾಗಿ ಬೆಳಕು ಹೊರಗೆ ಹೋಗದೆ ಒಳಗೊಳಗೇ ಪ್ರತಿಫಲಿಸುತ್ತ ಸಾಗುತ್ತದೆ. ನೀವು ಪಾಠದಲ್ಲಿ ಓದುವ ಪೂರ್ಣ ಆಂತರಿಕ ಪ್ರತಿಫಲನ ಇದೇ. ಕೇಬಲನ್ನು ಬಾಗಿಲ ಸಂದಿಯಲ್ಲಿ ಮಡಚಿದ್ರೆ ಬೆಳಕು ಸೋರುತ್ತದೆ, ನೆಟ್ ನಿಧಾನವಾಗುತ್ತದೆ. ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡ್ಬೇಡಿ: ಆ ಬೆಳಕು ಅವಕೆಂಪು, ಕಾಣಿಸದು, ಆದರೆ ಲೇಸರ್.

ಹಾಗಾದರೆ ಸಿಡಿಲಿನ ಭಯ ಹೋಯ್ತೇ? ಪೂರ್ತಿ ಇಲ್ಲ. ಕೆಲವು ಕೇಬಲುಗಳಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುತ್ತದೆ. ಪೆಟ್ಟಿಗೆಯ ಪ್ಲಗ್ ಅಂತೂ ಗೋಡೆಯಲ್ಲೇ ಇದೆ. ಗುಡುಗುವ ಮೊದಲೇ ಅದನ್ನು ತೆಗೆಯಿರಿ.

ಇನ್ನೊಂದು ವ್ಯತ್ಯಾಸ. ಹಳೆ ಲ್ಯಾಂಡ್‌ಫೋನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರ್ತಿತ್ತು. ಮನೆ ಕತ್ತಲಾದರೂ ಅದು ರಿಂಗಣಿಸುತ್ತಿತ್ತು. ಗಾಜು ಕರೆಂಟು ಒಯ್ಯುವುದಿಲ್ಲವಲ್ಲ! ಕರೆಂಟ್ ಹೋದ್ರೆ ನೆಟ್ಟೂ ಹೋಯ್ತು, ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ.