ಹುತ್ತರಿಯ ಆಕಾಶಕ್ಕೊಂದು ದೂರದರ್ಶಕ

ಕೊಡಗಿನಲ್ಲಿ ಹುತ್ತರಿಯ ಕದಿರು ತೆಗೆಯುವ ಮುಹೂರ್ತಕ್ಕೆ ರೋಹಿಣಿ ನಕ್ಷತ್ರವೇ ಆಧಾರ. ಮಳೆಮೋಡ ಸರಿದು ಆಕಾಶ ತಿಳಿಯಾಗುವುದೂ ಆ ಹೊತ್ತಿಗೇ.

ಆಗ ದೂರದರ್ಶಕ ಕೊಳ್ಳಹೊರಟವರು ಪೆಟ್ಟಿಗೆಯ ಮೇಲಿನ ‘500 ಪಟ್ಟು’ ಎಂಬ ಬರಹಕ್ಕೆ ಮರುಳಾದರೆ ಹಣ ದಂಡ. ಉಪಕರಣ ಅಟ್ಟ ಸೇರುತ್ತದೆ. ನೋಡಬೇಕಾದದ್ದು ಮಸೂರದ ವ್ಯಾಸ. ಅದು ದೊಡ್ಡದಾದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ. 70 ಮಿ.ಮೀ. ಮಸೂರದಲ್ಲಿ ಸುಮಾರು 140 ಪಟ್ಟು ದಾಟಿದರೆ ಬಿಂಬ ಮಸುಕಾಗುತ್ತದೆ. ಅಲುಗಾಡದ ಸ್ಟ್ಯಾಂಡೂ ಅಷ್ಟೇ ಮುಖ್ಯ.

ಹುಣ್ಣಿಮೆಯ ಚಂದ್ರನಲ್ಲಿ ನೆರಳಿಲ್ಲದೆ ಕುಳಿಗಳು ಎದ್ದು ಕಾಣವು. ಅಷ್ಟಮಿಯ ಅರ್ಧಚಂದ್ರನಲ್ಲಿ ಸ್ಪಷ್ಟ. ಹುಣ್ಣಿಮೆ ಕಳೆದ ಕತ್ತಲಲ್ಲಿ ರೋಹಿಣಿಯ ನೆರೆಯ ಕೃತ್ತಿಕಾ ಗುಚ್ಛ ನೋಡಲು ಬೈನಾಕ್ಯುಲರ್ ಸಾಕು. ಆರಂಭ ಅಲ್ಲಿಂದಲೂ ಆಗಬಹುದು. ಆದರೆ ಯಾವುದರಲ್ಲೂ ಸೂರ್ಯನನ್ನು ನೋಡಕೂಡದು, ಕಣ್ಣೇ ಹೋದೀತು.